ಹೊಳೆಯ ಆರೋಗ್ಯಕ್ಕೆ ಹುಳುಗಳ ಸಾಕ್ಷ್ಯ

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯ ಪಾತ್ರವು ಗೌರಿಬಿದನೂರಿನ ಕಡೆಗೆ ಸಾಗುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಹಳ್ಳಗಳು ಒಳ್ಳೆಯ ಮಳೆಯಾದ ವರ್ಷ ಕೆರೆಯಿಂದ ಕೆರೆಗೆ ಕೋಡಿ ಹರಿಯುತ್ತವೆ. ಈ ನೀರಿನ ಗುಣವನ್ನು ಅರಿಯುವ ಬಗೆ ಯಾವುದು?

ರಾಸಾಯನಿಕ ಪರೀಕ್ಷೆಯು ಸೀಸೆ ತುಂಬಿದ ಗಳಿಗೆಯ ಸ್ಥಿತಿಯನ್ನು ಮಾತ್ರ ಹೇಳಬಲ್ಲುದು. ಹಿಂದಿನ ರಾತ್ರಿ ಹರಿದುಹೋದ ಕೊಳೆಯು ಅದಕ್ಕೆ ಸಿಕ್ಕದಿರಬಹುದು. ಕಲ್ಲಿನಡಿಯಲ್ಲಿ ವಾರಗಟ್ಟಲೆ ಬಾಳುವ ಅಕಶೇರುಕ ಜೀವಿಗಳಾದರೋ ಕಳೆದ ದಿನಗಳನ್ನೆಲ್ಲ ಅನುಭವಿಸಿದಂಥವು. ಕೊಳೆಯನ್ನು ಬ್ಯಾಕ್ಟೀರಿಯಗಳು ಜೀರ್ಣಿಸುವಾಗ ನೀರಿನಲ್ಲಿ ಕರಗಿದ ಆಮ್ಲಜನಕವು ತಗ್ಗುತ್ತದೆ. ಆಗ ಮೇಫ್ಲೈಗಳ ಸೂಕ್ಷ್ಮ ಜಾತಿಗಳ ಮರಿಗಳು ಮೊದಲು ಅಳಿಯುತ್ತವೆ. ಹಿಮೋಗ್ಲೋಬಿನ್ನಿನಿಂದ ಕೆಂಪಾದ ಕೈರೋನೊಮಸ್ ಹುಳುಗಳೂ ಟ್ಯುಬಿಫೆಕ್ಸ್ ಹುಳುಗಳೂ ಉಳಿದು ಹೆಚ್ಚುತ್ತವೆ.

ಈ ತತ್ತ್ವವನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ನರು 1908–09ರಲ್ಲಿ ವ್ಯವಸ್ಥೆಗೊಳಿಸಿದರು. ಮುಂದೆ ಬ್ರಿಟನ್ನಿನಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕವುಂಟು: ಸೂಕ್ಷ್ಮ ಮೇಫ್ಲೈ ಕುಟುಂಬಗಳಿಗೆ 10, ಕೈರೋನೊಮಸ್ಸಿನ ಕುಟುಂಬಕ್ಕೆ 2, ಟ್ಯುಬಿಫೆಕ್ಸಿನ ವರ್ಗಕ್ಕೆ 1. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದೊರೆಯುತ್ತದೆ. ಇದನ್ನು ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನಮ್ಮ ನದಿಗಳಿಗೆ ಹೊಂದಿಸಿಕೊಂಡಿದೆ.

ಆದರೆ ನಮ್ಮ ಸೀಮೆಯಲ್ಲಿ ಎಚ್ಚರಿಕೆ ಅವಶ್ಯ. ಇಲ್ಲಿನ ಹಳ್ಳಗಳು ವರ್ಷದ ಬಹುಭಾಗ ಬತ್ತಿರುತ್ತವೆ. ನೀರು ಬಂದ ಹೊಸದರಲ್ಲಿ ಮೇಫ್ಲೈ ಕಾಣದಿದ್ದರೆ ಅದು ಕೊಳೆಯ ಗುರುತಲ್ಲ, ಬರದ ಗುರುತಾಗಿರಬಹುದು. ನಿಂತ ನೀರಿನ ಕೆರೆಗೂ ಹರಿಯುವ ಹಳ್ಳಕ್ಕೂ ಒಂದೇ ಅಳತೆಯನ್ನು ಹಿಡಿಯುವುದೂ ಸಲ್ಲದು. ಆದುದರಿಂದ ಒಂದೇ ಹಳ್ಳದಲ್ಲಿ ಕೊಳೆ ಕೂಡುವ ಜಾಗದ ಮೇಲೆಯೂ ಕೆಳಗೆಯೂ ಒಂದೇ ದಿನ ಹುಳುಗಳನ್ನು ಹಿಡಿದು ಹೋಲಿಸಬೇಕು.

ಈ ಹೋಲಿಕೆಯ ಅಗತ್ಯ ಇಂದು ಹೆಚ್ಚಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡುಗಳನ್ನು ಬೇಯಿಸಿ ನೂಲು ಬಿಚ್ಚಿದ ನೀರಿನಲ್ಲಿ ಸೆರಿಸಿನ್ ಅಂಟು ಉಳಿಯುತ್ತದೆ. ಅದು ಕೊಳೆತರೆ ಆಮ್ಲಜನಕವನ್ನು ಹೀರುತ್ತದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ, ಅಂತರ್ಜಲ ಏರಲೆಂದು ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಮೂರನೆಯ ಹಂತವೂ ಬೇಕೆಂಬುದು ಜನರ ಒತ್ತಾಯ. ಕೆರೆಗೆ ನೀರು ಬಂದುದು ಬರಗಂಡ ರೈತನಿಗೆ ಸಣ್ಣ ಮಾತಲ್ಲ. ಆ ನೀರು ಎಂಥದೆಂಬುದೂ ಸಣ್ಣ ಮಾತಲ್ಲ.

ಹುಳುಗಳು ರೋಗಾಣುವನ್ನಾಗಲಿ ಭಾರಲೋಹದ ಪ್ರಮಾಣವನ್ನಾಗಲಿ ತಿಳಿಸಲಾರವು. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಎಲ್ಲಿ, ಯಾವಾಗ ಹುಡುಕಬೇಕೆಂಬುದನ್ನು ಅವು ತೋರಿಸಬಲ್ಲವು. ಕೈಬಲೆ, ಬಿಳಿಯ ತಟ್ಟೆ, ಭೂತಗನ್ನಡಿ, ಒಂದು ದಿನಚರಿ ಪುಸ್ತಕ: ಇಷ್ಟು ಸಾಮಗ್ರಿ ನಮ್ಮ ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಹಳ್ಳ ಹರಿಯುವ ತಿಂಗಳುಗಳಲ್ಲಿ ವರ್ಷವರ್ಷವೂ ಈ ದಾಖಲೆಯನ್ನು ಬೆಳೆಸಿದರೆ, ಮುಂದಿನ ವಿದ್ಯಾರ್ಥಿಗೆ ಹೋಲಿಸಿ ನೋಡಲು ಒಂದು ಆಧಾರ ದೊರೆತಂತಾಗುವುದು.