ಫೋನ್ ಕಟ್ ಮಾಡದ ಇಬ್ಬರು

ನಮ್ಮೂರಲ್ಲಿ ಎರಡು ಮನೆಯವರು ಮಾತು ಬಿಟ್ಟರೆ ನಡುವೆ ಓಡಾಡುವ ಒಬ್ಬ ಕಾಕ ಇರ್ತಾರಲ್ಲ, ಎರಡೂ ಕಡೆಯಿಂದ ಬೈಗುಳ ತಿನ್ನುವವರು? ಇಸ್ರೇಲಿನ ಗೆರ್ಶೋನ್ ಬಾಸ್ಕಿನ್ ಆ ಜಾತಿಯ ಮನುಷ್ಯ. ಮಂತ್ರಿಯಲ್ಲ, ಅಧಿಕಾರಿಯಲ್ಲ. 1988ರಲ್ಲಿ ಇಸ್ರೇಲಿಗರು, ಫೆಲೆಸ್ತೀನಿಯರು ಸೇರಿ ಕೆಲಸ ಮಾಡುವ ಒಂದು ಅಧ್ಯಯನ ಕೇಂದ್ರವನ್ನು ಕಟ್ಟಿದವರಲ್ಲಿ ಒಬ್ಬರು, ಅಷ್ಟೆ.

2006ರ ಜೂನ್ 25ರಂದು ಇಸ್ರೇಲಿ ಸೈನಿಕ ಗಿಲಾದ್ ಶಾಲಿತ್ ಗಾಝಾ ಗಡಿಯಲ್ಲಿ ಸೆರೆಯಾದ. ಕೆಲವೇ ದಿನಗಳಲ್ಲಿ ಗಾಝಾದಿಂದ ಬಾಸ್ಕಿನ್‌ಗೆ ಫೋನ್ ಬಂತು. ಅದರ ಹಿಂದೆಯೇ ಗಾಝಿ ಹಮದ್ ಜೊತೆ ಮಾತು ಶುರುವಾಯಿತು. ಹಮದ್ ಮೊದಲು ಪತ್ರಕರ್ತ, ಆಗ ಹಮಾಸ್ ಸರಕಾರದ ವಕ್ತಾರ. ಅದಕ್ಕೆ ಹಿಂದಿನ ವರ್ಷವಷ್ಟೇ ಬಾಸ್ಕಿನ್‌ರ ಹೆಂಡತಿಯ ಸಂಬಂಧಿಯೊಬ್ಬರನ್ನು ಹಮಾಸ್‌ನವರು ಅಪಹರಿಸಿ ಕೊಂದಿದ್ದರು. ಆದರೂ ಅವರು ಫೋನ್ ಕಟ್ ಮಾಡಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಶಾಲಿತ್ ಕೈಬರಹದ ಪತ್ರ ಹೊರಬಂತು. ಹುಡುಗ ಬದುಕಿದ್ದಾನೆ ಎಂಬುದಕ್ಕೆ ಅದೇ ಮೊದಲ ಗುರುತು.

ಆಮೇಲೆ ಐದು ವರ್ಷ. ಈಜಿಪ್ಟ್, ಜರ್ಮನಿಯ ಮಧ್ಯಸ್ಥರು ಬಂದರು, ಹೋದರು. 2010ರಲ್ಲಿ ಶಾಲಿತ್‌ನ ತಂದೆ ತಾಯಿ ಹನ್ನೆರಡು ದಿನ ನಡೆದು ಜೆರುಸಲೇಮ್‌ಗೆ ಬಂದು ಪ್ರಧಾನಿ ಮನೆಯ ಹತ್ತಿರ ಡೇರೆ ಹಾಕಿ ಕೂತರು. ಅತ್ತ ಗಾಝಾದ ರೆಡ್‌ಕ್ರಾಸ್ ಕಚೇರಿಯಲ್ಲಿ ಪ್ರತಿ ಸೋಮವಾರ ಫೆಲೆಸ್ತೀನಿ ತಾಯಂದಿರು ಜೈಲಿನಲ್ಲಿರುವ ಮಕ್ಕಳ ಫೋಟೋ ಹಿಡಿದು ಕೂರುತ್ತಿದ್ದರು. ಆ ಡೇರೆಯ ಸುದ್ದಿ ಜಗತ್ತಿಗೇ ಗೊತ್ತಾಯಿತು, ಈ ಸೋಮವಾರಗಳ ಸುದ್ದಿ ಅಷ್ಟು ದೂರ ಹೋಗಲಿಲ್ಲ.

2011ರಲ್ಲಿ ಅದೇ ಹಳೆಯ ಫೋನ್ ದಾರಿಯನ್ನು ಇಸ್ರೇಲ್ ಸರಕಾರ ಅಧಿಕೃತವಾಗಿಯೇ ಬಳಸಿತು. ಕೈರೋದಲ್ಲಿ ಒಪ್ಪಂದ ಕುದುರಿತು. ಅಕ್ಟೋಬರ್ 18ರಂದು ಶಾಲಿತ್ ಮನೆ ಸೇರಿದ. ಬದಲಿಗೆ ಎರಡು ಕಂತಿನಲ್ಲಿ 1,027 ಕೈದಿಗಳ ಬಿಡುಗಡೆ. ಅವರಲ್ಲಿ ಯಹ್ಯಾ ಸಿನ್ವಾರ್ ಕೂಡ ಇದ್ದರು. ಹಾಗಾಗಿ 2023ರ ಅಕ್ಟೋಬರ್ 7ರ ನಂತರ ಇಸ್ರೇಲಿನಲ್ಲಿ ಹಲವರು ಆ ಒಪ್ಪಂದವನ್ನೇ ದೂರಿದರು. ದೂರು ಸುಳ್ಳೆಂದು ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. 2012ರ ನವೆಂಬರ್‌ನಲ್ಲಿ ಹಮಾಸ್‌ನ ಸೇನಾ ನಾಯಕ ಅಹ್ಮದ್ ಜಾಬರಿಯನ್ನು ಇಸ್ರೇಲ್ ಕೊಂದಿತು. ಅದೇ ದಿನ ಬೆಳಿಗ್ಗೆ ದೀರ್ಘಾವಧಿ ಕದನವಿರಾಮದ ಕರಡು ಅವರ ಕೈ ಸೇರಿತ್ತು ಎಂದು ಬಾಸ್ಕಿನ್ ಬರೆದಿದ್ದಾರೆ.

ಅಕ್ಟೋಬರ್ 7ರಂದು ಒತ್ತೆಯಾಳಾದವರು 251 ಮಂದಿ. ಎರಡು ವರ್ಷ ಬಾಂಬ್ ಹಾಕಿ ಸೈನ್ಯ ಜೀವಂತ ಬಿಡಿಸಿದ್ದು ಎಂಟೇ ಜನರನ್ನು. 2023ರ ನವೆಂಬರ್‌ನ ಒಂದು ವಾರದ ಕದನವಿರಾಮದಲ್ಲಿ ಹೊರಬಂದವರು 105. ಟೆಲ್ ಅವೀವ್‌ನ ಚೌಕದಲ್ಲಿ ಒತ್ತೆಯಾಳುಗಳ ಮನೆಯವರು ವಾರವಾರವೂ ಕೂಗಿ ಹೇಳಿದ್ದು ಇದನ್ನೇ: ಒಪ್ಪಂದ ಮಾಡಿ. ಬಾಸ್ಕಿನ್ ಮತ್ತು ಹಮದ್ ನಡುವೆ ಮತ್ತೆ ಮಾತು ನಡೆಯಿತು.

2025ರ ಅಕ್ಟೋಬರ್ 13ರಂದು, ಬದುಕುಳಿದಿದ್ದ ಕೊನೆಯ 20 ಮಂದಿ ಹೊರಬಂದರು. ಅತ್ತ ಸುಮಾರು 2,000 ಫೆಲೆಸ್ತೀನಿಯರ ಬಿಡುಗಡೆ. ಅವರಲ್ಲಿ ಸುಮಾರು 1,700 ಮಂದಿ ಯುದ್ಧದ ವೇಳೆ ಗಾಝಾದಿಂದ ಹಿಡಿದೊಯ್ದು, ಆರೋಪವನ್ನೇ ಹೊರಿಸದೆ ಇಟ್ಟವರು. ಅಷ್ಟರಲ್ಲಿ ಗಾಝಾದಲ್ಲಿ ಸತ್ತವರು, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ, 67 ಸಾವಿರ ದಾಟಿತ್ತು. ಬಸ್ಸಿನಿಂದ ಇಳಿದ ಹಲವರಿಗೆ ಹೋಗಲಿಕ್ಕೆ ಮನೆಯೇ ಇರಲಿಲ್ಲ.