ಗ್ಲಾಸಿನ ಲೆಕ್ಕಕ್ಕೂ ಬೇಕು ಆಡಿಟ್

ಲಂಡನ್: ಮನೆ ಸಾಲದ ಕಂತು, ಕೌನ್ಸಿಲ್ ತೆರಿಗೆ, ಊರಿಗೆ ಕಳಿಸುವ ಹಣ ಎಲ್ಲಕ್ಕೂ ನಾವು ಲೆಕ್ಕ ಇಡುತ್ತೇವೆ. ಶುಕ್ರವಾರ ಸಂಜೆ ಪಬ್ಬಿನಲ್ಲಿ ಕುಡಿದದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಮನೆಯವರು ಕೇಳಿದರೆ ‘ಒಂದೆರಡು ಅಷ್ಟೇ’ ಎನ್ನುತ್ತೇವೆ.

ವಾರಕ್ಕೆ 14 ಯೂನಿಟ್ ಮೀರದಿರಿ ಎಂಬುದು ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಕೊಟ್ಟ ಸಲಹೆ. ಒಂದು ಯೂನಿಟ್ ಎಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ 5ರ ಬಿಯರ್ ಒಂದು ಪೈಂಟ್‌ಗೆ ಸುಮಾರು 2.8 ಯೂನಿಟ್. ಐದು ಪೈಂಟ್‌ಗೇ ವಾರದ ಮಿತಿ ಮುಗಿಯಿತು. ಮನೆಯಲ್ಲಿ ಅಳತೆಯಿಲ್ಲದೆ ಸುರಿದುಕೊಳ್ಳುವ ವಿಸ್ಕಿ ಬೇರೆ.

ಇನ್ನೊಂದು ಲೆಕ್ಕ ದೇವರ ಮುಂದಿನದು. ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಮದ್ಯ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಬಿಡುವವರೂ ನಮ್ಮಲ್ಲಿದ್ದಾರೆ. ‘ಬೇಕೆಂದಾಗ ಬಿಡಬಲ್ಲೆ’ ಎನ್ನಲು ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತೇವೆ. ಆದರೆ ಆ ದಿನಗಳಲ್ಲಿ ನಮ್ಮ ನಿದ್ದೆ, ಸಿಟ್ಟು ಹೇಗಿತ್ತು? ವ್ರತ ಮುಗಿಯುವುದನ್ನೇ ಕಾಯುತ್ತಿದ್ದೆವೋ? ದೀಪದ ಮುಂದೆ ಕೂತು ಇದಕ್ಕೆ ಉತ್ತರ ಹುಡುಕುವುದೇ ನಿಜವಾದ ಆಡಿಟ್. ಅಲ್ಲಿ ಅಂಕಿ ತಿದ್ದಲಾಗದು.

ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರು ವ್ರತವೆಂದು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು. ಅಂಥವರು ಮೊದಲು ಜಿಪಿಯನ್ನು ಕಾಣಬೇಕು. ದೇವರಿಗೆ ಒಪ್ಪಿಸಿದ ಲೆಕ್ಕವನ್ನೇ ವೈದ್ಯರಿಗೂ ಹೇಳೋಣ.