ಮನೆಯ ಮೂಲೆಯಲ್ಲಿ ಮುಳುಗುಗಾರನ ಗಾಳಿ

ಕಡಲಿನ ಆಳದಲ್ಲಿ ಮೀನಿನಂತೆ ಸ್ವೇಚ್ಛೆಯಾಗಿ ಸಂಚರಿಸಬೇಕೆಂಬ ಹಂಬಲ ಮಾನವನಿಗೆ ಬಹು ಹಿಂದಿನದು. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನೊದಗಿಸುವ ಉಪಕರಣವನ್ನು ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಮೇಲೆ ಆ ಹಂಬಲ ಕೈಗೂಡಿತು. ಇಂದು ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿಯೂ ಜನರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುತ್ತಾರೆ. ಆದರೆ ಮಳೆಗಾಲದಲ್ಲಿ ಕಡಲು ಕೆರಳಿತೆಂದರೆ ಈ ವಿನೋದ ನಿಲ್ಲುತ್ತದೆ. ಸ್ವಂತ ಸಿಲಿಂಡರ್ ಉಳ್ಳವರ ಮನೆಯಲ್ಲಿ ಅದು ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ಆಗ ಅದನ್ನು ಹೇಗೆ ಇಡಬೇಕು? ಈ ಪ್ರಶ್ನೆಗೆ ಉತ್ತರ ನಾವು ತರಗತಿಯಲ್ಲಿ ಕಲಿಯುವ ಭೌತ ನಿಯಮಗಳಲ್ಲಿಯೇ ಇದೆ.

ಈ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ಅದರಲ್ಲಿ ತುಂಬಿರುವುದು ತೇವವನ್ನು ತೆಗೆದು ಶೋಧಿಸಿದ ಗಾಳಿ. 12 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ವಾಯುಮಂಡಲಗಳ ಒತ್ತಡದಲ್ಲಿ ಸುಮಾರು 2,400 ಲೀಟರ್ ಗಾಳಿಯನ್ನು ಅಡಕಿರುತ್ತಾರೆ. ಒಳಗೋಡೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 200 ಕಿಲೋಗ್ರಾಂ ಭಾರ ಬಿದ್ದಂತಾಯಿತು! ಈ ಗಾಳಿ ಒಮ್ಮೆಲೇ ಹಿಗ್ಗಿದರೆ ಮಾಡಬಲ್ಲ ಕೆಲಸವನ್ನು ಲೆಕ್ಕ ಹಾಕಿದರೆ ನಾಲ್ಕೂವರೆ ಲಕ್ಷ ಜೂಲ್‌ಗಳಷ್ಟಾಗುತ್ತದೆ. ಒಂದು ಟನ್ ಭಾರವನ್ನು ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಎತ್ತಲು ಇಷ್ಟು ಶಕ್ತಿ ಸಾಕು.

ಸಿಲಿಂಡರ್ ಉರುಳಿ ಬಿದ್ದು ಅದರ ಕವಾಟ ಮುರಿದರೆ ಗಾಳಿ ಒಂದು ದಿಕ್ಕಿಗೆ ನುಗ್ಗುತ್ತದೆ, ಸಿಲಿಂಡರ್ ವಿರುದ್ಧ ದಿಕ್ಕಿಗೆ ಧಾವಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ರಾಕೆಟ್ ನಡೆಯುವುದೂ ಹೀಗೆಯೇ. ಆದುದರಿಂದ ನಿಲ್ಲಿಸಿಟ್ಟ ಸಿಲಿಂಡರನ್ನು ಸರಪಳಿಯಿಂದಲೋ ಪಟ್ಟಿಯಿಂದಲೋ ಗೋಡೆಗೆ ಬಿಗಿಯಬೇಕು.

ಮಲಗಿಸಿಡುವುದೇ ಸುಲಭವಲ್ಲವೆ ಎಂದು ಓದುಗರು ಕೇಳಬಹುದು. ಸಾಗಿಸುವಾಗ ಹಾಗೆ ಮಾಡಬಹುದು. ದೀರ್ಘಕಾಲ ಇಡುವಾಗ, ಅದರಲ್ಲೂ ಉಕ್ಕಿನ ಸಿಲಿಂಡರಿಗೆ, ನಿಲುವೇ ಲೇಸು. ಒಳಗೆ ಒಂದೆರಡು ಹನಿ ನೀರು ಸೇರಿದ್ದರೆ ಅದು ತಳಕ್ಕೆ ಇಳಿಯುತ್ತದೆ. ತಳದ ಲೋಹ ದಪ್ಪ. ಮಲಗಿಸಿದಾಗಲಾದರೋ ನೀರು ತೆಳುವಾದ ಪಕ್ಕದ ಗೋಡೆಯ ಮೇಲೆ ನಿಂತು ಅಲ್ಲಿಯೇ ತುಕ್ಕಿನ ಗುಳಿ ಕೊರೆಯುತ್ತದೆ.

ತುಕ್ಕಿನಿಂದ ಇನ್ನೊಂದು ಗುಪ್ತವಾದ ಅಪಾಯವುಂಟು. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಆಮ್ಲಜನಕದೊಡನೆ ಸಂಯೋಗ ಹೊಂದುವುದು. ಮುಚ್ಚಿದ ಸಿಲಿಂಡರಿನಲ್ಲಿ ಆ ಆಮ್ಲಜನಕ ಬರುವುದು ಒಳಗಿನ ಗಾಳಿಯಿಂದಲೇ. ತಿಂಗಳುಗಳು ಕಳೆದಂತೆ ಗಾಳಿಯಲ್ಲಿ ಸಾರಜನಕದ ಪಾಲು ಏರುತ್ತದೆ. ಒತ್ತಡದ ಮಾಪಕ ಮಾತ್ರ ಎಲ್ಲವೂ ಸರಿಯಾಗಿದೆಯೆಂಬಂತೆಯೇ ತೋರುತ್ತದೆ. ಇಂಥ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮಗೆ ಉಸಿರುಕಟ್ಟಿದ ಅನುಭವವಾಗುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ, ಆಮ್ಲಜನಕ ಕಡಿಮೆಯಾದಾಗಲ್ಲ. ಆದ್ದರಿಂದ ಮುಳುಗುಗಾರ ಯಾವ ಮುನ್ಸೂಚನೆಯೂ ಇಲ್ಲದೆ ನೀರಿನಲ್ಲಿ ಎಚ್ಚರ ತಪ್ಪಬಹುದು.

ಹಾಗಾದರೆ ಸಿಲಿಂಡರನ್ನು ಪೂರ್ತಿ ಬರಿದು ಮಾಡಿ ಇಡಬಹುದೆ? ಅದೂ ಸಲ್ಲದು, ಬರಿದಾದ ಸಿಲಿಂಡರಿನ ಕವಾಟ ಸ್ವಲ್ಪ ಸಡಿಲವಾಗಿದ್ದರೂ ಮಳೆಗಾಲದ ತೇವ ಒಳಹೊಗುತ್ತದೆ. 10ರಿಂದ 20 ವಾಯುಮಂಡಲಗಳಷ್ಟು ಒಣಗಾಳಿಯನ್ನು ಉಳಿಸಿ ಕವಾಟ ಮುಚ್ಚುವುದು ಉತ್ತಮ. ಸೋರಿದರೂ ಗಾಳಿ ಹೊರಕ್ಕೆ ಹೋಗುತ್ತದೆಯೇ ಹೊರತು ತೇವ ಒಳಕ್ಕೆ ಬರುವುದಿಲ್ಲ. ತುಕ್ಕಿಗೆ ದೊರೆಯುವ ಆಮ್ಲಜನಕವೂ ಅಲ್ಪ. ಆದರೆ ಆ ಹಳೆಯ ಗಾಳಿ ಉಸಿರಾಟಕ್ಕಲ್ಲ; ಅದನ್ನು ಹೊರಬಿಟ್ಟು ಹೊಸ ಗಾಳಿ ತುಂಬಿಸಬೇಕು.

ಉಷ್ಣತೆಯ ವಿಷಯ ಉಳಿಯಿತು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಏರುತ್ತದೆ. 27 ಡಿಗ್ರಿಯಲ್ಲಿ 200 ಇದ್ದ ಒತ್ತಡ, ಬಿಸಿಲಲ್ಲಿ ನಿಂತ ಕಾರಿನೊಳಗೆ 67 ಡಿಗ್ರಿ ಮುಟ್ಟಿದರೆ ಸುಮಾರು 227 ಆಗುತ್ತದೆ. ಒಳ್ಳೆಯ ಸಿಲಿಂಡರ್ ಇದನ್ನು ತಾಳೀತು, ಬೆಂಕಿಯನ್ನು ತಾಳದು. ಬೆಂಕಿಯಲ್ಲಿ ಒತ್ತಡ ಏರುವುದರ ಜೊತೆಗೆ ಲೋಹವೂ, ವಿಶೇಷವಾಗಿ ಅಲ್ಯೂಮಿನಿಯಮ್ ಮಿಶ್ರಲೋಹ, ಬಲಗುಂದುತ್ತದೆ. ಅಡಿಗೆಮನೆಯಿಂದ ದೂರವಾದ, ತಂಪಾದ, ಒಣ ಕೋಣೆಯೇ ಅದಕ್ಕೆ ತಕ್ಕ ಸ್ಥಳ. ಇಡುವ ಮುನ್ನ ಹೊರಮೈಯನ್ನೂ ತಳದ ರಬ್ಬರ್ ಬೂಟಿನ ಒಳಭಾಗವನ್ನೂ ಸಿಹಿನೀರಿನಿಂದ ತೊಳೆದು ಉಪ್ಪನ್ನು ಕಳೆಯಬೇಕು.

ಇಷ್ಟಾದರೂ ಕಣ್ಣಿಗೆ ಕಾಣದ ದೋಷ ಇರಬಹುದು. ಅದಕ್ಕಾಗಿ ವರ್ಷಕ್ಕೊಮ್ಮೆ ನಿಪುಣರಿಂದ ಒಳಗನ್ನು ಪರೀಕ್ಷಿಸುವುದು ರೂಢಿ. ಅಮೆರಿಕದಲ್ಲಿ 5 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಯೂ ಕಡ್ಡಾಯ. ಈ ಪರೀಕ್ಷೆಗೆ ಗಾಳಿಯ ಬದಲು ನೀರೇಕೆ? ನೀರು ಬಹಳ ಸ್ವಲ್ಪವೇ ಕುಗ್ಗುತ್ತದೆ. ಅದರಲ್ಲಿ ಸಂಗ್ರಹವಾಗುವ ಶಕ್ತಿಯೂ ಸ್ವಲ್ಪ. ಸಿಲಿಂಡರ್ ಬಿರಿದರೂ ಸಿಡಿಯುವುದಿಲ್ಲ.

ಮೂಲೆಯಲ್ಲಿ ಮೌನವಾಗಿ ನಿಂತ ಈ ಸಿಲಿಂಡರ್ ಮುಂದೊಂದು ದಿನ ನೀರಿನಡಿಯಲ್ಲಿ ಒಬ್ಬನ ಉಸಿರಾಗಬೇಕಾದುದು. ದಡದ ಮೇಲೆ ನಾವು ತೋರಿದ ಎಚ್ಚರವೇ ಅಲ್ಲಿ ಅವನನ್ನು ಕಾಯುತ್ತದೆ.